ಸ್ಪೇನ್‌ನ ಹಳ್ಳಿ ಮನೆಗಳಲ್ಲಿ ಉಳ್ಕೊಳ್ಳೋದು ಹೇಗೆ: ಕಾಸಾ ರುರಾಲ್‌ಗೆ ಹೊರಟೋರಿಗೆ

ಮೊದಲನೇ ಮಾತು, ಕಾಸಾ ರುರಾಲ್ ಅನ್ನೋದನ್ನ ಹೋಟೆಲ್ ತರ ನೋಡ್ಬೇಡಿ, ಅದು ಯಾರದೋ ಅಜ್ಜಿ ಮನೆ. ಸುಮ್ನೆ ಮಾತಿಗೆ ಹೇಳ್ತಿಲ್ಲ, ನಿಜವಾಗ್ಲೂ ಹೆಚ್ಚಿನವು ಹಾಗೇನೇ. 1950ರಿಂದ 70ರ ದಶಕದ ತನಕ ಸ್ಪೇನ್‌ನ ಹಳ್ಳಿ ಜನ ಮ್ಯಾಡ್ರಿಡ್, ಬಾರ್ಸಿಲೋನಾ, ಬಿಲ್ಬಾವೊ ಕಡೆ ಕೆಲಸ ಹುಡ್ಕೊಂಡು ಸಾಲುಸಾಲಾಗಿ ಹೊರಟುಹೋದ್ರು, ಕಲ್ಲಿನ ಮನೆಗಳು ಬೀಗ ಹಾಕ್ಸ್ಕೊಂಡು ಹಾಗೇ ನಿಂತ್ಬಿಟ್ವು, ಆಮೇಲೆ ಮಕ್ಕಳೋ ಮೊಮ್ಮಕ್ಕಳೋ ವಾಪಸ್ ಬಂದು ಸೂರು ಸರಿ ಮಾಡ್ಸಿ, ಕೊಟ್ಟಿಗೆ ಇದ್ದ ಜಾಗನ ಹಾಲ್ ಮಾಡಿ, ಬಾತ್‌ರೂಮ್ ಕಟ್ಟಿಸಿ ಬಾಡಿಗೆಗೆ ಕೊಡೋಕೆ ಶುರು ಮಾಡಿದ್ರು. ಅಸ್ತೂರಿಯಾಸ್‌ನಲ್ಲಿ ತಾರಾಮುಂದಿ ಅಂತ ಒಂದು ಊರಿದೆ, ಕೈಯಲ್ಲಿ ಚಾಕು ಮಾಡೋದಕ್ಕೆ ಹೆಸರಾದ ಊರು, ಅಲ್ಲಿ 1986ರಲ್ಲಿ ಹಳೇ ಪಾದ್ರಿ ಮನೇನ ರಿಪೇರಿ ಮಾಡ್ಸಿ ಅತಿಥಿಗಳಿಗೆ ತೆರೆದ್ರು, ಸ್ಪೇನ್‌ನ ಹಳ್ಳಿ ಟೂರಿಸಂಗೆ ಅದೇ ತೊಟ್ಟಿಲು ಅಂತ ಇವತ್ತಿಗೂ ಹೇಳ್ತಾರೆ. ಇದನ್ನ ಮೊದಲೇ ಯಾಕೆ ಹೇಳ್ದೆ ಅಂದ್ರೆ, ಆ ಮನೆಗೆ ಕಸ್ಟಮರ್ ತರ ಹೋದ್ರೆ ಎಲ್ಲಾದಕ್ಕೂ ಬೇಜಾರಾಗತ್ತೆ, ನೆಂಟರ ತರ ಹೋದ್ರೆ ಎಲ್ಲಾ ಸಲೀಸು. ಮನೆ ಯಾವ ತರ ನಡೆಯತ್ತೆ ಅಂತ ಮೊದಲು ತಿಳ್ಕೋಬೇಕು, ಊರಿನ ಟೈಮಿಗೆ ನಾವು ಹೊಂದ್ಕೋಬೇಕು. ನಾವು ಮ್ಯಾಡ್ರಿಡ್‌ಗೆ ಬಂದಮೇಲೆ ವರ್ಷಕ್ಕೆ ಎರಡು ಮೂರು ಸಲ ಇಂಥ ಮನೆಗಳಿಗೆ ಹೋಗ್ತಾನೇ ಇದೀವಿ, ಅದರಿಂದ ಕಲ್ತಿದ್ದನ್ನ ಬರೀತಿದೀನಿ.

ಮನೆ ಹುಡ್ಕುವಾಗ ಎರಡು ಪದ ಗೊತ್ತಿರ್ಲಿ. ಅಲ್ಕಿಲೆರ್ ಇಂಟೆಗ್ರೊ ಅಂದ್ರೆ ಇಡೀ ಮನೆ ನಿಮಗೇ, ಪೋರ್ ಅಬಿತಾಸಿಯೋನೆಸ್ ಅಂದ್ರೆ ರೂಮ್ ಲೆಕ್ಕ, ಅಡುಗೆಮನೆ ಹಾಲ್ ಎಲ್ಲಾ ಬೇರೆಯವರ ಜೊತೆ ಹಂಚ್ಕೋಬೇಕು, ಎಷ್ಟೋ ಕಡೆ ಅಡುಗೆಮನೆ ಮುಟ್ಟೋಕೇ ಬಿಡಲ್ಲ. ಫೋಟೋದಲ್ಲಿ ಎರಡೂ ಒಂದೇ ತರ ಕಾಣತ್ತೆ, ಆದ್ರಿಂದ ಇದನ್ನ ನೋಡ್ದೇ ದುಡ್ಡು ಕಟ್ಬೇಡಿ. ನಮ್ಮೋರಲ್ಲಿ ಎರಡು ಮೂರು ಫ್ಯಾಮಿಲಿ ಸೇರಿ ಹೋಗೋರೇ ಜಾಸ್ತಿ, ಅವ್ರಿಗೆ ಇಡೀ ಮನೇನೇ ಸರಿ, ತಲೆಗೆ ರಾತ್ರಿಗೆ ಸುಮಾರು 25ರಿಂದ 40 ಯೂರೋ ಒಳಗೆ ಒಳ್ಳೆ ಮನೆ ಸಿಗತ್ತೆ. ಇಬ್ರೇ ಹೋದ್ರೆ ಇಡೀ ಮನೆ ಬಾಡಿಗೆ ಭಾರ ಆಗತ್ತೆ, ಆವಾಗ ರೂಮ್ ಲೆಕ್ಕದ್ದೇ ನೋಡಿ, ಬೆಳಿಗ್ಗೆ ತಿಂಡಿನೂ ಅವ್ರೇ ಕೊಡ್ತಾರೆ.

ಊರೂರಿಗೆ ಈ ಮನೆಗಳ ಹೆಸರು ಬೇರೆ ಬೇರೆ. ಕ್ಯಾಟಲೋನಿಯಾದಲ್ಲಿ ಮಾಸಿಯಾ, ಅಂದ್ರೆ ಹೊಲದ ಮಧ್ಯ ಒಂಟಿಯಾಗಿ ನಿಂತಿರೋ ದೊಡ್ಡ ರೈತರ ಮನೆ. ಅಸ್ತೂರಿಯಾಸ್‌ನಲ್ಲಿ ಕಾಸಾ ದೆ ಆಲ್ದೆಯಾ, ಬಾಸ್ಕ್ ಕಡೆ ಕಸೇರಿಯೊ, ಗಲೀಸಿಯಾದಲ್ಲಿ ಪಾಸೊ ಅಂದ್ರೆ ಹಳೇ ಜಮೀನ್ದಾರರ ದೊಡ್ಡ ಮನೆ, ಆಂದಲೂಸಿಯಾದಲ್ಲಿ ಕೊರ್ತಿಹೊ. ಗ್ರನಾದಾ ಪಕ್ಕ ಗ್ವಾದಿಕ್ಸ್ ಅಂತ ಊರಿದೆ, ಅಲ್ಲಿ ಗುಡ್ಡ ಕೊರೆದು ಮಾಡಿರೋ ಗುಹೆ ಮನೆಗಳೇ ಇವೆ, ಒಳಗಡೆ ವರ್ಷಪೂರ್ತಿ ಹೆಚ್ಚುಕಮ್ಮಿ 18ರಿಂದ 20 ಡಿಗ್ರಿ, ಜುಲೈನಲ್ಲಿ ಹೊರಗೆ ಬೆಂಕಿ ಸುರೀತಿದ್ರೂ ಒಳಗೆ ಹೊದ್ಕೊಂಡು ಮಲಗಬೋದು. ಆದ್ರೆ ಹಿಂದಿನ ರೂಮುಗಳಿಗೆ ಕಿಟಕಿ ಇರಲ್ಲ, ಫೋನ್ ಸಿಗ್ನಲ್ ಬರಲ್ಲ, ಕತ್ತಲು ಅಂದ್ರೆ ಕಗ್ಗತ್ತಲು. ಉಸಿರು ಕಟ್ಟಿದಂಗೆ ಆಗೋರಿದ್ರೆ ಮುಂದಿನ ರೂಮೇ ಕೇಳಿ.

ಯಾವಾಗ ಹೋಗೋದು ಅನ್ನೋದರ ಮೇಲೆ ಎಲ್ಲಿಗೆ ಅನ್ನೋದು ನಿಂತಿದೆ. ಬೇಸಿಗೆನಲ್ಲಿ ದಕ್ಷಿಣದ ಗ್ವಾದಲ್ಕಿವೀರ್ ನದಿ ಬಯಲಿನ ಕಡೆ ಮನೆ ಮಾಡ್ಬೇಡಿ, 2021ರ ಆಗಸ್ಟ್ 14ಕ್ಕೆ ಕೋರ್ದೊಬಾ ಜಿಲ್ಲೆಯ ಲಾ ರಾಂಬ್ಲಾದಲ್ಲಿ 47.6 ಡಿಗ್ರಿ ದಾಖಲಾಗಿದೆ, ಮಕ್ಕಳನ್ನ ಕರ್ಕೊಂಡು ಅಂಥ ಕಡೆ ಏನ್ ಮಾಡ್ತೀರಿ. ಜುಲೈ ಆಗಸ್ಟ್‌ಗೆ ಉತ್ತರ ಚೆನ್ನ, ಅಸ್ತೂರಿಯಾಸ್, ಕಾಂತಾಬ್ರಿಯಾ, ಪೀಕೋಸ್ ದೆ ಯುರೋಪಾ ಬೆಟ್ಟದ ಬುಡ. ಹಸಿರು ಅಂದ್ರೆ ಹಸಿರು, ಕಂಬದ ಮೇಲೆ ನಿಂತಿರೋ ಓರಿಯೊ ಅನ್ನೋ ಕಣಜಗಳು, ಆದ್ರೆ ಬೇಸಿಗೆನಲ್ಲೂ ಮಳೆ ಬರತ್ತೆ, ಜರ್ಕಿನ್ ಬಿಟ್ಟು ಹೋಗ್ಬೇಡಿ. ಮಾರ್ಚ್ ಕೊನೆ ಏಪ್ರಿಲ್ ಶುರುನಲ್ಲಿ ಎಸ್ತ್ರೆಮದೂರಾದ ಹೆರ್ತೆ ಕಣಿವೆ ಪೂರ್ತಿ ಚೆರ್ರಿ ಹೂವಿಂದ ಬೆಳ್ಳಗಾಗತ್ತೆ, ಆ ಹತ್ತು ಹದಿನೈದು ದಿನಕ್ಕೆ ಮನೆಗಳು ತಿಂಗಳುಗಳ ಮೊದಲೇ ಬುಕ್ ಆಗಿರತ್ತೆ. ಸಿಯೆರ್ರಾ ನೆವಾದಾ ಮಗ್ಗುಲಿನ ಅಲ್ಪುಹಾರಾ ಹಳ್ಳಿಗಳು, ಪಂಪನೇರಾ ಬುಬಿಯೋನ್ ಕಪಿಲೇರಾ, ಬಿಳಿ ಗೋಡೆ ಚಪ್ಪಟೆ ಮಾಳಿಗೆ, ಅಕ್ಟೋಬರ್‌ಗೆ ನನ್ನ ಕೇಳಿದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಚಳಿಗಾಲದಲ್ಲಿ ತೆರುವೆಲ್, ಸೋರಿಯಾ ಕಡೆ ಹೋಗೋದಾದ್ರೆ ಚಳಿಗೆ ತಯಾರಾಗೇ ಹೋಗಿ, ತೆರುವೆಲ್ ಜಿಲ್ಲೆಯ ಕಲಮೋಚಾದಲ್ಲಿ 1963ರ ಡಿಸೆಂಬರ್‌ನಲ್ಲಿ ಮೈನಸ್ 30 ತನಕ ಇಳಿದಿತ್ತು, ಈಗ್ಲೂ ಮೈನಸ್ 10 ಅಲ್ಲಿ ದೊಡ್ಡ ವಿಷಯ ಅಲ್ಲ.

ಈಸ್ಟರ್ ವಾರ, ಡಿಸೆಂಬರ್ 6 ಮತ್ತು 8ರ ರಜೆ ಸೇರಿಸಿ ಮಾಡೋ ಪುವೆಂತೆ ಅನ್ನೋ ಉದ್ದ ರಜೆ, ಆಗಸ್ಟ್ ಪೂರ್ತಿ, ಇಷ್ಟು ಹೊತ್ತಲ್ಲಿ ಬಾಡಿಗೆ ಜಾಸ್ತಿ ಮತ್ತೆ ಎರಡು ರಾತ್ರಿಗೆ ಕೊಡಲ್ಲ, ಆಗಸ್ಟ್‌ನಲ್ಲಿ ಒಂದು ವಾರನೇ ತಗೋಬೇಕು ಅಂತಾರೆ. ಆಗಸ್ಟ್‌ನಲ್ಲಿ ಇನ್ನೊಂದು ಇದೆ, ಊರ ಹಬ್ಬ. ನೂರು ಜನ ಇರೋ ಊರಿಗೆ ಐನೂರು ಜನ ಬರ್ತಾರೆ, ಪ್ಲಾಸಾ ಅಂದ್ರೆ ಊರ ಮಧ್ಯದ ಚೌಕ, ಅಲ್ಲಿ ಬೆಳಗಿನ ಜಾವ ನಾಲ್ಕೈದು ಗಂಟೆ ತನಕ ಆರ್ಕೆಸ್ಟ್ರಾ. ನಿದ್ದೆಗೋಸ್ಕರ ಹೋಗೋರು ಮಾಲೀಕರಿಗೆ ಊರ ಹಬ್ಬ ಯಾವತ್ತು ಅಂತ ಕೇಳಿ ತಪ್ಪಿಸ್ಕೊಳ್ಳಿ, ಖುಷಿಗೋಸ್ಕರ ಹೋಗೋರು ಅದನ್ನೇ ಕೇಳಿ ಅವತ್ತೇ ಹೋಗಿ. ಹೊರಗಿನವರು ಅಂತ ಯಾರೂ ದೂರ ಇಡಲ್ಲ.

ಬುಕ್ ಮಾಡೋಕೆ ಮುಂಚೆ

ಎಸ್ಕಪಾದಾ ರುರಾಲ್, ಕ್ಲಬ್ ರುರಾಲ್ ತರದ ಸೈಟುಗಳಲ್ಲಿ ಹುಡ್ಕಿ, ಅಲ್ಲಿ ಮಾಲೀಕರ ಜೊತೆ ನೇರ ಮಾತಾಡ್ಬೋದು. ಸ್ಪೇನ್‌ನಲ್ಲಿ 17 ಸ್ವಾಯತ್ತ ಪ್ರಾಂತ್ಯಗಳಿವೆ, ಟೂರಿಸಂ ಕಾನೂನು ಪ್ರತಿಯೊಂದರದ್ದೂ ಬೇರೆ, ಹಾಗಾಗಿ ದರ್ಜೆ ತೋರ್ಸೋ ಗುರುತೂ ಬೇರೆ, ಒಂದು ಕಡೆ ಗೋಧಿ ತೆನೆ, ಇನ್ನೊಂದು ಕಡೆ ನಕ್ಷತ್ರ. ಆ ಗುರುತಿಗಿಂತ ಮುಖ್ಯ ರಿಜಿಸ್ಟ್ರೇಷನ್ ನಂಬರ್. ಅದು ಜಾಹೀರಾತಲ್ಲೇ ಇರ್ಬೇಕು, ಇಲ್ಲ ಅಂದ್ರೆ ಕೇಳಿ, ಕೇಳಿದ್ರೂ ಕೊಡ್ಲಿಲ್ಲ ಅಂದ್ರೆ ಬಿಟ್ಟಾಕಿ. ನಮ್ಮ ಪರಿಚಯದವರೊಬ್ರು ತುಂಬಾ ಕಮ್ಮಿ ರೇಟ್ ಅಂತ ನಂಬರ್ ಇಲ್ಲದ ಮನೆಗೆ ಪೂರ್ತಿ ದುಡ್ಡು ಟ್ರಾನ್ಸ್‌ಫರ್ ಮಾಡಿದ್ರು, ಹೋಗಿ ನೋಡಿದ್ರೆ ಆ ಅಡ್ರೆಸ್‌ನಲ್ಲಿ ಬೇರೆ ಯಾರೋ ವಾಸ ಇದ್ರು. ಸಾಮಾನ್ಯವಾಗಿ ಮುಂಗಡ ಅಂತ ಮೂರನೇ ಒಂದು ಭಾಗನೋ ಅರ್ಧನೋ ಕೇಳ್ತಾರೆ, ಉಳಿದಿದ್ದು ಹೋದಾಗ, ಜೊತೆಗೆ ಫಿಯಾನ್ಸಾ ಅಂತ ಡೆಪಾಸಿಟ್, ಮನೆ ಬಿಡುವಾಗ ವಾಪಸ್. ಸ್ವಲ್ಪ ಕ್ಯಾಶ್ ಇಟ್ಕೊಂಡಿರಿ, ಎಲ್ಲಾ ಮಾಲೀಕರ ಹತ್ರ ಕಾರ್ಡ್ ಮಷೀನ್ ಇರಲ್ಲ, ಹಳ್ಳಿಲಿ ಎಟಿಎಂನೂ ಇರಲ್ಲ.

ಮಾಲೀಕರಿಗೆ ವಾಟ್ಸಾಪ್ ಮಾಡಿ ಇಷ್ಟು ಕೇಳಿ: ಹೀಟಿಂಗ್ ಯಾವುದು, ಸೌದೆ ಬಾಡಿಗೆಲೇ ಸೇರಿದ್ಯಾ ಬೇರೆ ಕೊಡ್ಬೇಕಾ, ಕರೆಂಟ್ ಎಷ್ಟು ಕಿಲೋವ್ಯಾಟ್, ಕಾರು ಮನೆ ಬಾಗಿಲ ತನಕ ಬರತ್ತಾ, ತೆರೆದಿರೋ ಅಂಗಡಿ ಎಷ್ಟು ದೂರ, ಫೋನ್ ಯಾವ ಕಂಪನಿದು ಸಿಗತ್ತೆ. ಗೂಗಲ್ ಟ್ರಾನ್ಸ್‌ಲೇಟ್ ಹಾಕಿ ಸ್ಪ್ಯಾನಿಷ್‌ನಲ್ಲೇ ಬರೀರಿ, ಹಳ್ಳಿಲಿ ಇಂಗ್ಲಿಷ್ ನಂಬ್ಕೊಂಡ್ರೆ ಆಗಲ್ಲ. ಈ ಪ್ರಶ್ನೆಗಳಿಗೆ ಯಾರು ತಾಳ್ಮೆಯಿಂದ ಉತ್ತರ ಕೊಡ್ತಾರೋ ಅವ್ರ ಮನೆಗೇ ಹೋಗಿ, ಫೋಟೋ ಸ್ವಲ್ಪ ಸಾದಾ ಇದ್ರೂ ಪರವಾಗಿಲ್ಲ. ನನ್ನ ಅನುಭವದಲ್ಲಿ ಇದು ಒಂದು ಸಲನೂ ಸುಳ್ಳಾಗಿಲ್ಲ.

ಪಾಸ್‌ಪೋರ್ಟ್ ವಿವರ ಕೇಳ್ತಾರೆ, ಗಾಬರಿ ಆಗ್ಬೇಡಿ. 933/2021 ಅಂತ ಒಂದು ರಾಯಲ್ ಡಿಕ್ರಿ ಇದೆ, ಅದರ ನಿಯಮಗಳು 2024ರ ಡಿಸೆಂಬರ್ 2ರಿಂದ ಪೂರ್ತಿ ಜಾರಿಗೆ ಬಂದಿವೆ, ಅದರ ಪ್ರಕಾರ ಅತಿಥಿಗಳ ಹೆಸರು, ಪಾಸ್‌ಪೋರ್ಟ್ ನಂಬರ್, ವಿಳಾಸ, ಫೋನ್, ದುಡ್ಡು ಹೇಗೆ ಕೊಟ್ರಿ ಅನ್ನೋದನ್ನೆಲ್ಲ ಗೃಹ ಇಲಾಖೆಗೆ ಕಳಿಸಲೇಬೇಕು. 14 ವರ್ಷ ತುಂಬಿದೋರು ಸಹಿ ಹಾಕ್ಬೇಕು, ಮಕ್ಕಳಿದ್ರೆ ಸಂಬಂಧ ಏನು ಅಂತನೂ ಬರೀಬೇಕು. ಆದ್ರೆ ಪಾಸ್‌ಪೋರ್ಟ್ ಫೋಟೋ ತೆಗೆದು ಕಳ್ಸಿ ಅಂದ್ರೆ ಬೇಡ ಅನ್ನೋ ಹಕ್ಕು ನಿಮಗಿದೆ, ಸ್ಪೇನ್‌ನ ಡೇಟಾ ರಕ್ಷಣಾ ಸಂಸ್ಥೆ 2025ರಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದೆ, ವಿವರ ಬರೆದು ಕೊಟ್ಟು ಬಂದಾಗ ಪಾಸ್‌ಪೋರ್ಟ್ ತೋರಿಸ್ತೀವಿ ಅನ್ನಿ ಸಾಕು. ಇಂಡಿಯಾದಿಂದ ಬರೋರು ಷೆಂಗೆನ್ ವೀಸಾಗೆ ಅಪ್ಲೈ ಮಾಡುವಾಗ ಉಳ್ಕೊಳ್ಳೋ ಜಾಗದ ಪೇಪರ್ ಬೇಕಲ್ಲ, ಅದಕ್ಕೆ ಮಾಲೀಕರ ಹತ್ರ ಎಲ್ಲರ ಹೆಸರು, ತಾರೀಖು, ವಿಳಾಸ, ರಿಜಿಸ್ಟ್ರೇಷನ್ ನಂಬರ್ ಇರೋ ಬುಕಿಂಗ್ ಪತ್ರ ಕೇಳಿ ತಗೊಳ್ಳಿ, ವಾಟ್ಸಾಪ್ ಸ್ಕ್ರೀನ್‌ಶಾಟ್ ನಡೆಯಲ್ಲ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದು ಇರ್ಬೇಕು.

ದಾರಿ

ಕಾರ್ ಇಲ್ದೆ ಕಾಸಾ ರುರಾಲ್ ಕಷ್ಟ. ಎಷ್ಟೋ ಊರಿಗೆ ದಿನಕ್ಕೆ ಒಂದು ಬಸ್, ಭಾನುವಾರ ಅದೂ ಇಲ್ಲ. ಇಂಡಿಯಾ ಲೈಸೆನ್ಸ್ ಇರೋರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡ್ಸ್ಕೊಂಡೇ ಬನ್ನಿ, ಆಟೋಮ್ಯಾಟಿಕ್ ಗಾಡಿ ಬೇಕು ಅಂದ್ರೆ ಮುಂಚೆನೇ ಬುಕ್ ಮಾಡಿ. ರಸ್ತೆ ಬಲಗಡೆ. ಹೈವೇಲಿ 120, ಸಾಮಾನ್ಯ ರಸ್ತೆಲಿ 90, ಊರೊಳಗೆ ಎರಡೂ ಕಡೆಗೆ ಒಂದೊಂದೇ ಲೇನ್ ಇದ್ರೆ 30. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ.

ಹಗಲಲ್ಲೇ ತಲುಪಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಕೋತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ. ನಾವು ಒಂದ್ಸಲ ತೆರುವೆಲ್ ಕಡೆ ಒಂದು ಊರಿಗೆ ರಾತ್ರಿ ಹತ್ತೂವರೆಗೆ ಹೋದ್ವಿ, ಮ್ಯಾಪ್ ನೇರ ಮನೆ ಬಾಗಿಲಿಗೆ ದಾರಿ ತೋರಿಸ್ತು, ನಾವೂ ಹಾಗೇ ತಿರುಗಿಸಿದ್ವಿ, ಓಣಿ ಹೋಗ್ತಾ ಹೋಗ್ತಾ ಸಣ್ಣಗಾಗಿ ಕೊನೆಗೆ ಎರಡೂ ಕಡೆ ಕನ್ನಡಿ ಮಡಚಿದ್ರೂ ಗೋಡೆ ಒಂದು ಗೇಣು ದೂರ. ಹಿಂದೆ ಇಳಿಜಾರು, ದೀಪ ಇಲ್ಲ, ಕಾರಲ್ಲಿ ಮಕ್ಕಳು. ನಮ್ಮೆಜಮಾನ್ರು ಇಳಿದು ಮೊಬೈಲ್ ಟಾರ್ಚ್ ಹಿಡ್ಕೊಂಡು ಹಿಂದೆ ಹಿಂದೆ ನಡೀತಾ, ನಾನು ರಿವರ್ಸಲ್ಲಿ ಇಪ್ಪತ್ತು ನಿಮಿಷ. ಆವತ್ತಿಂದ ಒಂದೇ ರೂಲು, ಯಾವ ಊರೇ ಆಗ್ಲಿ, ಮೊದಲು ಪ್ಲಾಸಾದಲ್ಲೋ ಊರ ಬಾಗಿಲಲ್ಲೋ ಕಾರ್ ನಿಲ್ಸಿ, ನಡ್ಕೊಂಡು ಹೋಗಿ ಮನೆ ನೋಡಿ, ಆಮೇಲೆ ಕಾರಿನ ವಿಚಾರ. ಮ್ಯಾಪ್‌ನ ಆಫ್‌ಲೈನ್‌ಗೆ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಬೆಟ್ಟದ ತಿರುವಲ್ಲಿ ಸಿಗ್ನಲ್ ಹೋದ್ರೆ ಮುಂದಿನ ಊರಿನ ತನಕ ಬರಲ್ಲ. ತೊಂದರೆ ಆದ್ರೆ 112, ಪೊಲೀಸ್ ಆಂಬುಲೆನ್ಸ್ ಬೆಂಕಿ ಎಲ್ಲಾದಕ್ಕೂ ಅದೊಂದೇ ನಂಬರ್.

ಹಗಲಲ್ಲಿ ಹೋದ್ರೆ ಇನ್ನೊಂದು ಲಾಭ, ಮಾಲೀಕರು ಮನೆಯೆಲ್ಲ ಸುತ್ತಾಡ್ಸಿ ತೋರಿಸ್ತಾರೆ. ಆ ಹತ್ತು ನಿಮಿಷ ಸೂಟ್‌ಕೇಸ್ ಬಿಚ್ಚೋಕೆ ಹೋಗ್ದೇ ಅವ್ರ ಹಿಂದೆನೇ ಹೋಗಿ, ಒಪ್ಪಿಗೆ ಕೇಳಿ ವಿಡಿಯೋ ಮಾಡ್ಕೊಳ್ಳಿ. ಮೇನ್ ಸ್ವಿಚ್ ಎಲ್ಲಿದೆ, ನೀರಿನ ಮೇನ್ ವಾಲ್ವ್ ಎಲ್ಲಿದೆ, ಒಲೆ ಹೇಗೆ ಹಚ್ಚೋದು, ಈ ಮೂರು.

ಮನೆ ಒಳಗೆ

ಕರೆಂಟಿಂದ ಶುರು ಮಾಡ್ತೀನಿ, ಯಾಕಂದ್ರೆ ನಮ್ಮೋರು ಜಾಸ್ತಿ ಒದ್ದಾಡೋದು ಇಲ್ಲೇ. ಸ್ಪೇನ್‌ನಲ್ಲಿ ಪ್ರತಿ ಮನೆಗೂ ಇಷ್ಟೇ ಕಿಲೋವ್ಯಾಟ್ ಅಂತ ಕಾಂಟ್ರ್ಯಾಕ್ಟ್ ಇರತ್ತೆ, ಹಳ್ಳಿ ಮನೆ ಅಂದ್ರೆ ಎಷ್ಟೋ ಸಲ 3.45 ಇಲ್ಲಾ 4.6, ಅಷ್ಟೇ. ಓವನ್ ಎರಡು ಕಿಲೋವ್ಯಾಟ್ ಎಳೆಯತ್ತೆ, ನೀರು ಕಾಯಿಸೋ ತೆರ್ಮೊ ಒಂದೂವರೆ, ಎಣ್ಣೆ ಹೀಟರ್ ಎರಡು, ಕೆಟಲ್ ಎರಡು, ಕೂಡಿಸಿ ನೋಡಿ. ಅಸ್ತೂರಿಯಾಸ್‌ನ ಒಂದು ಮನೇಲಿ ನಾವು ಸಂಜೆ ಹೀಟರ್ ಹಾಕಿ, ಓವನ್‌ನಲ್ಲಿ ಆಲೂಗಡ್ಡೆ ಇಟ್ಟು, ರೈಸ್ ಕುಕ್ಕರ್ ಸ್ವಿಚ್ ಒತ್ತಿದ ಕೂಡ್ಲೇ ಇಡೀ ಮನೆ ಕತ್ತಲು. ಸ್ವಿಚ್ ಡಬ್ಬಿಲಿ ನೋಡಿದ್ರೆ ಯಾವುದೂ ಬಿದ್ದಿಲ್ಲ, ಎಲ್ಲಾ ಮೇಲೇ ಇದೆ, ಆದ್ರೂ ಕರೆಂಟ್ ಇಲ್ಲ. ಮಾಲೀಕರಿಗೆ ಫೋನ್ ಮಾಡಿದಾಗ ಗೊತ್ತಾಯ್ತು, ಈಗಿನ ಡಿಜಿಟಲ್ ಮೀಟರ್ ತಾನೇ ಒಳಗಿಂದ ಕಟ್ ಮಾಡತ್ತೆ, ಅದಕ್ಕೆ ಮೊದಲು ಜಾಸ್ತಿ ಎಳೆಯೋದನ್ನೆಲ್ಲ ಆಫ್ ಮಾಡಿ, ಮೇನ್ ಸ್ವಿಚ್ ನಾವೇ ಕೆಳಗೆ ಇಳಿಸಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಮೇಲೆ ಎತ್ತಬೇಕು. ಅಷ್ಟೇ, ಬಂತು. ಆಮೇಲಿಂದ ನಮ್ಮನೇಲಿ ಅಡುಗೆ ಆಗುವಾಗ ಹೀಟರ್ ಇಲ್ಲ, ಕೆಟಲ್ ಬೇಕು ಅಂದ್ರೆ ಓವನ್ ಇಲ್ಲ, ಎರಡು ದಿನಕ್ಕೆ ಎಲ್ರಿಗೂ ಅಭ್ಯಾಸ ಆಯ್ತು. ಇಂಡಿಯಾ ಪ್ಲಗ್ ಇಲ್ಲಿ ಕೂರಲ್ಲ, ಅಡಾಪ್ಟರ್ ತನ್ನಿ, ವೋಲ್ಟೇಜ್ 230, ಅದಕ್ಕೇನೂ ತೊಂದ್ರೆ ಇಲ್ಲ.

ಬಿಸಿನೀರು ತೆರ್ಮೊದಿಂದ ಬರೋದಾದ್ರೆ 50ನೋ 80ನೋ ಲೀಟರ್ ಟ್ಯಾಂಕ್, ಇಬ್ರು ಮೂರ್ ಜನ ಸ್ನಾನ ಮಾಡಿದ್ರೆ ಖಾಲಿ, ಮತ್ತೆ ಕಾಯೋಕೆ ಒಂದು ಗಂಟೆ ಮೇಲೆ ಬೇಕು, ಹಾಗಾಗಿ ರಾತ್ರಿ ಅರ್ಧ ಜನ ಬೆಳಿಗ್ಗೆ ಅರ್ಧ ಜನ. ಗ್ಯಾಸ್ ಆದ್ರೆ ಕಿತ್ತಳೆ ಬಣ್ಣದ ಬೊಂಬೋನಾ ಸಿಲಿಂಡರ್, 12.5 ಕಿಲೋದು, ಸ್ಪೇರ್ ಎಲ್ಲಿಟ್ಟಿದಾರೆ ಅಂತ ಮೊದಲೇ ಕೇಳಿ, ಎಲ್ರೂ ಸೋಪು ಹಚ್ಕೊಂಡಿರುವಾಗ್ಲೇ ಅದು ಮುಗಿಯೋದು. ಇಲ್ಲೊಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಗ್ಯಾಸ್ ಇರೋ ಅಡುಗೆಮನೆ ಗೋಡೆಲಿ ಸಣ್ಣ ಜಾಲರಿ ಇರತ್ತೆ, ಅದರಿಂದ ಚಳಿಗಾಳಿ ನುಗ್ಗತ್ತೆ, ಮುಚ್ಬಿಡೋಣ ಅನ್ಸತ್ತೆ. ಮುಚ್ಬೇಡಿ. ಬಟ್ಟೆ ತುರುಕ್ಬೇಡಿ, ರಟ್ಟು ಅಂಟಿಸ್ಬೇಡಿ. ಗ್ಯಾಸ್ ಆಗ್ಲಿ ಸೌದೆ ಆಗ್ಲಿ ಗಾಳಿ ಸಾಲದೇ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಲೇ ಜೀವ ತೆಗೆಯತ್ತೆ. ಸ್ಪೇನ್‌ನಲ್ಲಿ ಚಳಿಗಾಲ ಬಂದ್ರೆ ಇಂಥ ಸುದ್ದಿ ಕೇಳ್ತಾನೇ ಇರ್ತೀವಿ. ಬ್ಯಾಟರಿ ಮೇಲೆ ನಡೆಯೋ ಸಣ್ಣ ಅಲಾರ್ಮ್ ಬರತ್ತೆ, ನಾನು ಬ್ಯಾಗಲ್ಲೇ ಇಟ್ಕೊಂಡಿರ್ತೀನಿ, ನೀವೂ ಇಟ್ಕೊಳ್ಳಿ.

ಇನ್ನು ಬೆಂಕಿ. ಕಲ್ಲಿನ ಗೋಡೆ ಎರಡಡಿ ದಪ್ಪ ಇರತ್ತೆ, ಒಂದು ವಾರ ಬೀಗ ಹಾಕಿದ್ದ ಮನೆ ಬಿಸಿಯಾಗೋಕೆ ಒಂದು ಪೂರ್ತಿ ದಿನ ಹಿಡಿಯತ್ತೆ, ಅದಕ್ಕೇ ಹಿಂದಿನ ದಿನನೇ ಮೆಸೇಜ್ ಮಾಡಿ, ನಾವು ಇಷ್ಟೊತ್ತಿಗೆ ಬರ್ತೀವಿ ದಯವಿಟ್ಟು ಹೀಟಿಂಗ್ ಹಾಕಿಡಿ ಅನ್ನಿ, ಹೆಚ್ಚಿನೋರು ಹಾಕಿಡ್ತಾರೆ. ಸೌದೆ ಅಂದ್ರೆ ಲೆನ್ಯಾ, ಒಳ್ಳೇದು ಅಂದ್ರೆ ಎನ್ಸೀನಾ ಅನ್ನೋ ಓಕ್ ಮರದ್ದು, ಗಟ್ಟಿ ಕಲ್ಲು ತರ ಇರತ್ತೆ, ರಾತ್ರಿಯೆಲ್ಲ ಕೆಂಡ ಉಳಿಯತ್ತೆ, ಆದ್ರೆ ನೇರ ಅದಕ್ಕೇ ಬೆಂಕಿ ಹತ್ತಲ್ಲ. ಮೊದಲು ದ್ರಾಕ್ಷಿ ಬಳ್ಳಿಯ ಒಣ ಕಡ್ಡಿನೋ ಪೈನ್ ಸಿಪ್ಪೆನೋ ಇಟ್ಟು ಹಚ್ಚಿ, ಹತ್ತಿದ ಮೇಲೆ ಸಣ್ಣ ತುಂಡು, ಕೊನೆಗೆ ಎನ್ಸೀನಾ. ಹಚ್ಚೋ ಮುಂಚೆ ಚಿಮಣಿಯ ತೀರೊ, ಅಂದ್ರೆ ಹೊಗೆ ದಾರಿಯ ಮುಚ್ಚಳ, ತೆರೆದಿದ್ಯಾ ನೋಡಿ. ಬೂದಿಯನ್ನ ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕ್ಬೇಡಿ, ತಣ್ಣಗಿದೆ ಅನ್ನಿಸ್ದ ಬೂದಿ ಒಳಗೆ ಮಾರನೇ ದಿನನೂ ಕೆಂಡ ಇರತ್ತೆ, ತಗಡಿನ ಬಕೆಟ್ ಇಟ್ಟಿರ್ತಾರೆ. ಪೆಲೆಟ್ ಒಲೆ ಸುಲಭ, 15 ಕಿಲೋ ಚೀಲದಲ್ಲಿ ಮರದ ಗುಳಿಗೆ ಬರತ್ತೆ, ಬಟನ್ ಒತ್ತಿದ್ರೆ ಆಯ್ತು, ಆದ್ರೆ ಕರೆಂಟ್ ಹೋದ್ರೆ ಅದೂ ಹೋಯ್ತು. ಕೆಲವು ಮನೇಲಿ ದುಂಡು ಟೇಬಲ್‌ಗೆ ನೆಲದ ತನಕ ದಪ್ಪ ಬಟ್ಟೆ ಇಳಿಬಿಟ್ಟಿರತ್ತೆ, ಮೆಸಾ ಕಮೀಯಾ ಅಂತಾರೆ, ಅಡಿಲಿ ಹೀಟರ್, ಬಟ್ಟೆ ಒಳಗೆ ಕಾಲಿಟ್ಕೊಂಡು ಇಸ್ಪೀಟ್ ಆಡ್ತಾ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ. ಒದ್ದೆ ಬಟ್ಟೆ ಮಾತ್ರ ಅದರಡಿ ಒಣಗಿಸ್ಬೇಡಿ.

ಬೇಸಿಗೆನಲ್ಲಿ ಅದೇ ದಪ್ಪ ಗೋಡೆ ನಿಮ್ಮ ಕಡೆಗೆ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಕಿಟಕಿ, ಹೊರಗಿನ ಪರ್ಸಿಯಾನಾ ಅನ್ನೋ ಷಟರ್ ಎಲ್ಲಾ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ತೆಗೀರಿ, ಎಸಿ ಬೇಕಾಗಲ್ಲ. ಹೊರಗೆ ಬಾರ್ಬೆಕ್ಯೂ ಕಟ್ಟಿಸಿದಾರೆ ಅಂತ ಹಚ್ಚೋಕೆ ಹೋಗ್ಬೇಡಿ, ಬೇಸಿಗೆ ತಿಂಗಳಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹೆಚ್ಚಿನ ಪ್ರಾಂತ್ಯಗಳಲ್ಲಿ ತೆರೆದ ಬೆಂಕಿ ನಿಷೇಧ, ದಂಡ ಸಾವಿರಾರು ಯೂರೋ ಹೋಗ್ಬೋದು, ದಂಡಕ್ಕಿಂತ ಕಾಡು ಹೋಗತ್ತೆ. ಮಾಲೀಕರನ್ನ ಕೇಳಿ.

ಟಾಯ್ಲೆಟ್ ನೀರು ಒಂಟಿ ಮನೆಗಳಲ್ಲಿ ಗುಂಡಿಗೆ ಹೋಗತ್ತೆ, ವೆಟ್ ವೈಪ್ಸ್, ಪ್ಯಾಡ್ ಏನೂ ಹಾಕ್ಬೇಡಿ, ಉಳಿದ ಎಣ್ಣೆನೂ ಸಿಂಕಿಗೆ ಸುರೀಬೇಡಿ. ಬಾಗಿಲು ತೊಲೆ ಎಲ್ಲಾ ತಗ್ಗು, ತಲೆ ನೋಡ್ಕೊಳ್ಳಿ.

ಊಟ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಣಿಲಿ ಕಾರ್ ಹಾರ್ನ್ ಜೋರಾಗಿ ಕೇಳ್ಸಿದ್ರೆ ಅದು ಜಗಳ ಅಲ್ಲ, ಬ್ರೆಡ್ ವ್ಯಾನು. ಅಂಗಡಿನೇ ಇಲ್ದಿರೋ ಊರುಗಳಿಗೆ ಬ್ರೆಡ್, ಹಣ್ಣು, ಮೀನು ಎಲ್ಲಾ ವ್ಯಾನಲ್ಲೇ ಬರತ್ತೆ, ಒಂದೊಂದಕ್ಕೆ ಒಂದೊಂದು ದಿನ. ಒಂದೂರಲ್ಲಿ ನಮ್ಮ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ ನೇತಾಕಿತ್ತು, ಯಾರೋ ಮರೆತುಹೋಗಿದಾರೆ ಅಂತ ಒಳಗೆ ಎತ್ತಿಟ್ಟಿದ್ದೆ, ಮಾಲೀಕರಮ್ಮ ಸಂಜೆ ಬಂದು ಹೇಳಿದ್ರು, ರಾತ್ರಿ ಅದರಲ್ಲಿ ಚಿಲ್ಲರೆ ಹಾಕಿ ಹೊರಗೆ ನೇತಾಕು, ಬೆಳಿಗ್ಗೆ ಬ್ರೆಡ್ ಇರತ್ತೆ ಅಂತ. ಮಾರನೇ ದಿನ ನೋಡಿದ್ರೆ ಚೀಲದಲ್ಲಿ ಇನ್ನೂ ಬಿಸಿ ಇದ್ದ ಉದ್ದನೇ ಬಾರ್ರಾ, ಬಾಕಿ ಚಿಲ್ಲರೆ ಕಾಗದದಲ್ಲಿ ಸುತ್ತಿಟ್ಟಿದ್ರು.

ಅಂಗಡಿ ಇರೋ ಊರಲ್ಲೂ ಮಧ್ಯಾಹ್ನ ಎರಡರಿಂದ ಐದರ ತನಕ ಬಾಗಿಲು ಹಾಕಿರತ್ತೆ, ಭಾನುವಾರ ಪೂರ್ತಿ ರಜ, ಅದಕ್ಕೆ ದಾರಿಲಿ ಸಿಗೋ ಕೊನೇ ದೊಡ್ಡ ಊರಿನ ಸೂಪರ್‌ಮಾರ್ಕೆಟ್‌ನಲ್ಲೇ ಎರಡು ದಿನಕ್ಕಾಗೋಷ್ಟು ಸಾಮಾನು ತುಂಬ್ಕೊಳ್ಳಿ. ಹೋಟೆಲ್ ಊಟ ಮಧ್ಯಾಹ್ನ ಎರಡರಿಂದ ನಾಲ್ಕು, ರಾತ್ರಿ ಒಂಬತ್ತರ ಮೇಲೆ, ಮಧ್ಯೆ ಹೋದ್ರೆ ಕಾಫಿ ಬಿಟ್ರೆ ಏನೂ ಇಲ್ಲ, ಸೋಮವಾರ ಎಷ್ಟೋ ಕಡೆ ಮುಚ್ಚಿರತ್ತೆ. ಸಣ್ಣ ಮಕ್ಕಳಿದ್ರೆ ರಾತ್ರಿ ಊಟ ಮನೇಲೇ ಮಾಡೋದು ವಾಸಿ.

ಸಸ್ಯಾಹಾರಿಗಳು ಕೇಳಿ. ಕಾರ್ನೆ ಬೇಡ ಅಂದ್ರೆ ಸಾಕಾಗಲ್ಲ, ಹಳ್ಳಿಲಿ ಕಾರ್ನೆ ಅಂದ್ರೆ ಮಾಂಸದ ತುಂಡು ಅಂತ ಮಾತ್ರ ತಗೋತಾರೆ, ಹಾಮೋನ್ ಅಂದ್ರೆ ಹಂದಿ ತೊಡೆಯ ಒಣಮಾಂಸ, ಅದು ಅವ್ರ ಲೆಕ್ಕದಲ್ಲಿ ರುಚಿಗೆ ಹಾಕೋದು. ಬೀನ್ಸ್ ಪಲ್ಯದ ಮೇಲೆ ಹಾಮೋನ್, ಸಲಾಡ್ ಮೇಲೆ ಟ್ಯೂನಾ ಮೀನು, ಸಾಲ್ಮೊರೇಹೊ ಅನ್ನೋ ಟೊಮ್ಯಾಟೊ ಸೂಪ್ ಮೇಲೂ ಹಾಮೋನ್ ಚೂರು. ಅದಕ್ಕೆ ಉದ್ದಕ್ಕೆ ಹೇಳಿ, ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್, ಅಂದ್ರೆ ಮಾಂಸ, ಹಾಮೋನ್, ಮೀನು, ಟ್ಯೂನಾ ಯಾವುದೂ ಬೇಡ ಅಂತ. ಗಸ್ಪಾಚೊ ತಣ್ಣನೆ ತರಕಾರಿ ಸೂಪು, ಧೈರ್ಯವಾಗಿ ಕುಡೀರಿ, ಆದ್ರೆ ಲಾ ಮಾಂಚಾ ಕಡೆ ಗಸ್ಪಾಚೊ ಮಾಂಚೇಗೊ ಅಂತ ಇದ್ರೆ ಅದು ಮೊಲದ ಮಾಂಸದ ಅಡುಗೆ, ಹೆಸರು ನೋಡಿ ಮೋಸ ಹೋಗ್ಬೇಡಿ. ನಂಬಬೋದಾದ್ದು ಅಂದ್ರೆ ಮೊಟ್ಟೆ ತಿನ್ನೋರಿಗೆ ತೋರ್ತಿಯಾ ಅನ್ನೋ ಆಲೂಗಡ್ಡೆ ಆಮ್ಲೆಟ್, ಪಿಸ್ತೊ ಅನ್ನೋ ತರಕಾರಿ ಪಲ್ಯ, ಹುರಿದ ಪಿಮಿಯೆಂತೊ ದೆ ಪಾದ್ರೋನ್ ಮೆಣಸಿನಕಾಯಿ, ಬ್ರೆಡ್ ಮೇಲೆ ಟೊಮ್ಯಾಟೊ ಉಜ್ಜಿ ಎಣ್ಣೆ ಹಾಕಿದ ಪಾನ್ ಕೋನ್ ತೊಮಾತೆ. ಬೇಕರಿ ತಿಂಡಿಲಿ ಮಾಂತೇಕಾ ಅಂತ ಇದ್ರೆ ಹಂದಿ ಕೊಬ್ಬು.

ಮನೇಲಿ ಅಡುಗೆ ಮಾಡೋಕೆ ಇಲ್ಲಿ ಕಾಳುಗಳು ಚಿನ್ನದಂಥವು. ಪಾರ್ದೀನಾ ಅನ್ನೋ ಸಣ್ಣ ಕಂದು ಬೇಳೆ ನೆನೆಸೋದೂ ಬೇಡ, ಅರ್ಧ ಗಂಟೇಲಿ ಬೇಯತ್ತೆ, ಒಗ್ಗರಣೆ ಕೊಟ್ರೆ ಸಾರು ರೆಡಿ. ಕಡಲೆ ಬೇಯಿಸಿದ್ದು ಗಾಜಿನ ಬಾಟಲಲ್ಲೇ ಸಿಗತ್ತೆ. ಲಾ ವೇರಾದ ಹೊಗೆ ಹಿಡಿಸಿದ ಪಿಮೆಂತೋನ್ ಅನ್ನೋ ಮೆಣಸಿನ ಪುಡಿ, ಖಾರದ್ದು, ಪಿಕಾಂತೆ ಅಂತ ಬರೆದಿರತ್ತೆ, ಆಲೂಗಡ್ಡೆ ಪಲ್ಯಕ್ಕೆ ಒಂದು ಚಮಚ ಹಾಕಿ ನೋಡಿ, ನಮ್ಮನೇಲಿ ಈಗ ಅದಿಲ್ದೆ ಆಗಲ್ಲ. ಸಾಸಿವೆ, ಇಂಗು, ಹುಣಸೆಹಣ್ಣು, ಹಸಿಮೆಣಸಿನಕಾಯಿ ಮಾತ್ರ ಹಳ್ಳಿಲಿ ಸಿಗಲ್ಲ, ಒಂದು ಡಬ್ಬಿಲಿ ಹಾಕ್ಕೊಂಡು ಬನ್ನಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೀರಿ, ಕಂಬಳಿ ಪರದೆಗೆ ವಾಸನೆ ಕೂತ್ರೆ ಮುಂದೆ ಬರೋರಿಗೆ ಕಷ್ಟ.

ಊರಲ್ಲಿ

ದಾರಿಲಿ ಸಿಕ್ಕಿದೋರಿಗೆಲ್ಲ ಬುವೇನಾಸ್ ಅನ್ನಿ, ಗುರುತಿರ್ಲಿ ಬಿಡ್ಲಿ. ಎದುರಿಗೆ ಬರೋ ಅಜ್ಜ ನಿಮ್ಮನ್ನ ನೋಡಿ ಅದಿಯೋಸ್ ಅಂದ್ರೆ ಹೋಗು ಅಂತಿದಾರೆ ಅನ್ಕೋಬೇಡಿ, ಹಳ್ಳಿಲಿ ದಾಟಿ ಹೋಗುವಾಗ ನಮಸ್ಕಾರಕ್ಕೂ ಅದೇ ಪದ. ಬಾರ್ ಅಂದ್ರೆ ಬರೀ ಕುಡಿಯೋ ಜಾಗ ಅಲ್ಲ, ಹೆಂಗಸರು ಮಕ್ಕಳು ಎಲ್ರೂ ಬರ್ತಾರೆ, ಪಾರ್ಸಲ್ ಅಲ್ಲೇ, ಮನೆ ಕೀನೂ ಅಲ್ಲೇ, ಸುದ್ದಿನೂ ಅಲ್ಲೇ. ಹೋದ ದಿನನೇ ಹೋಗಿ ಒಂದು ಕಾಫಿ ಕುಡೀರಿ, ಆಮೇಲೆ ಏನೇ ಬೇಕಾದ್ರೂ ಕೇಳೋಕೆ ಒಂದು ಬಾಗಿಲಿರತ್ತೆ. ಮಧ್ಯಾಹ್ನ ಮೂರರಿಂದ ಐದು ಓಣಿಲಿ ಮಕ್ಕಳನ್ನ ಕೂಗಾಡೋಕೆ ಬಿಡ್ಬೇಡಿ. ಚರ್ಚ್ ಗಂಟೆ ರಾತ್ರಿನೂ ಹೊಡೆಯತ್ತೆ, ಕೆಲವು ಊರಲ್ಲಿ ಅದೇ ಗಂಟೆನ ಎರಡೆರಡು ಸಲ, ನಿದ್ದೆ ಸೂಕ್ಷ್ಮ ಇರೋರು ಕಿವಿಗೆ ಹತ್ತಿ ತನ್ನಿ. ಊರ ಕೊಳಾಯಿ ಮೇಲೆ ಆಗ್ವಾ ನೋ ಪೊತಾಬ್ಲೆ ಅಂತ ಬರೆದಿದ್ರೆ ಕುಡೀಬೇಡಿ.

ನಡೆಯೋಕೆ ಹೋಗೋರಿಗೆ ಕಲ್ಲು ಮರದ ಮೇಲೆ ಬಣ್ಣದ ಪಟ್ಟಿ ಇರತ್ತೆ, ಬಿಳಿ ಕೆಂಪು ಅಂದ್ರೆ ಜಿಆರ್ ಅನ್ನೋ ಉದ್ದ ದಾರಿ, ಬಿಳಿ ಹಳದಿ ಅಂದ್ರೆ ಒಂದು ದಿನದೊಳಗೆ ಮುಗಿಯೋ ಪಿಆರ್, ಬಿಳಿ ಹಸಿರು ಅಂದ್ರೆ ಊರ ಸುತ್ತಿನ ಸಣ್ಣದು. ಎರಡು ಪಟ್ಟಿ ಗುಣಾಕಾರ ತರ ಒಂದರ ಮೇಲೊಂದು ಅಡ್ಡ ಬಳಿದಿದ್ರೆ ಆ ಕಡೆ ದಾರಿ ಅಲ್ಲ. ಗೇಟ್ ತೆಗೆದ್ರೆ ಮುಚ್ಚಿ, ತೆರೆದಿದ್ರೆ ತೆರೆದೇ ಬಿಡಿ. ಮೂಲೆಯಿಂದ ಮೂಲೆಗೆ ಕಪ್ಪು ಬಿಳಿ ಭಾಗ ಮಾಡಿದ ಸಣ್ಣ ಬೋರ್ಡ್ ಕಂಡ್ರೆ ಅದು ಬೇಟೆ ಜಾಗ, ಅಕ್ಟೋಬರ್‌ನಿಂದ ಚಳಿಗಾಲ ಮುಗಿಯೋ ತನಕ ಶನಿವಾರ ಭಾನುವಾರ ಬೆಳಿಗ್ಗೆ ಬೇಟೆಯವರು ಬರ್ತಾರೆ, ಹೊರಡೋ ಮುಂಚೆ ಬಾರ್‌ನಲ್ಲಿ ಕೇಳಿ, ಗಾಢ ಬಣ್ಣದ ಬಟ್ಟೆ ಬಿಟ್ಟು ಕಿತ್ತಳೆನೋ ಹಳದಿನೋ ಹಾಕ್ಕೊಳ್ಳಿ. ಕುರಿಮಂದೆ ಸಿಕ್ಕಿದ್ರೆ ಜೊತೆಲಿ ಮಸ್ತೀನ್ ನಾಯಿ ಇರತ್ತೆ, ಕರು ಗಾತ್ರದ್ದು, ಕೊರಳಿಗೆ ಮುಳ್ಳಿನ ಪಟ್ಟಿನೂ ಇರ್ಬೋದು, ತೋಳದಿಂದ ಕುರಿ ಕಾಯೋದು ಅದರ ಕೆಲಸ. ಓಡ್ಬೇಡಿ, ಮಂದೆ ನಡುವೆ ನುಗ್ಬೇಡಿ, ಮಕ್ಕಳನ್ನ ಹತ್ರ ಇಟ್ಕೊಂಡು ಮೆಲ್ಲಗೆ ದೂರದಿಂದ ಸುತ್ತಿ ಹೋಗಿ.

ಹೊರಡೋ ದಿನ ಪಾತ್ರೆ ತೊಳೆದು, ಕಸ ಬೇರೆ ಮಾಡಿ ತಗೊಂಡ್ಹೋಗಿ, ಡಬ್ಬಗಳು ಮನೆ ಮುಂದೆ ಇರಲ್ಲ, ಊರ ಬಾಗಿಲಲ್ಲಿರತ್ತೆ, ಹಳದಿ ಪ್ಲಾಸ್ಟಿಕ್ ಮತ್ತೆ ಡಬ್ಬಿಗೆ, ನೀಲಿ ಕಾಗದಕ್ಕೆ, ಹಸಿರು ಗಾಜಿಗೆ. ಏನಾದ್ರೂ ಒಡೆದಿದ್ರೆ ಮುಚ್ಚಿಡ್ದೇ ಹೇಳಿ, ನಾವು ಒಂದು ಮಣ್ಣಿನ ಹೂಜಿ ಒಡೆದಾಗ ಮಾಲೀಕರಮ್ಮ ಡೆಪಾಸಿಟ್ ಒಂದು ಪೈಸೆನೂ ಹಿಡೀಲಿಲ್ಲ, ಅದು ನಮ್ಮಜ್ಜಿದು ಆದ್ರೆ ಇನ್ನೂ ಎರಡಿದೆ ಅಂದ್ರು. ಉಳಿದ ಬೇಳೆ, ಎಣ್ಣೆ, ಉಪ್ಪು ಅಡುಗೆಮನೆ ಗೂಡಲ್ಲೇ ಬಿಟ್ಟುಬನ್ನಿ, ನಾವು ಹೋದಾಗ್ಲೂ ಹಾಗೇ ಯಾರೋ ಬಿಟ್ಟಿದ್ದು ಸಿಕ್ಕಿರತ್ತೆ. ಕೀ ಬಾರ್‌ನಲ್ಲಿ ಕೊಟ್ಟು, ಮುಂದಿನ ಪೆಟ್ರೋಲ್ ಬಂಕ್ ಇವತ್ತು ತೆರೆದಿದ್ಯಾ ಅಂತ ಅಲ್ಲೇ ಕೇಳ್ಕೊಂಡು ಹೊರಡಿ.